ಮಗಳ ಹೋಂವರ್ಕಿನ ಕೌದಿ ಮತ್ತು ಅಂಡರ್‌ಗ್ರೌಂಡ್ ರೈಲ್‌ರೋಡ್: ಈ ಕಥೆ ನಿಜವೇ?

ಓಹಾಯೋ_ದಂಡೆ:
ಎಲ್ಲರಿಗೂ ನಮಸ್ಕಾರ. ನಾವು ಇರುವುದು ಅಮೆರಿಕದ ಸಿನ್ಸಿನಾಟಿಯಲ್ಲಿ. ಮಗಳು ನಾಲ್ಕನೇ ಕ್ಲಾಸು. ಈ ವಾರ ಅವಳಿಗೆ ಅಂಡರ್‌ಗ್ರೌಂಡ್ ರೈಲ್‌ರೋಡ್ ಪಾಠ. ದಕ್ಷಿಣದ ರಾಜ್ಯಗಳಿಂದ ಓಡಿ ಬರುತ್ತಿದ್ದ ಗುಲಾಮರಿಗೆ ಗುಟ್ಟಾಗಿ ಅನ್ನ, ಜಾಗ, ದಾರಿ ಕೊಟ್ಟವರ ಕಥೆ. ನಮ್ಮೂರಿನ ಪಕ್ಕದಲ್ಲೇ ಓಹಾಯೋ ನದಿ ಹರಿಯುತ್ತದೆ. ಆಚೆ ದಂಡೆ ಕೆಂಟಕಿ. ಆಗ ಆ ದಂಡೆಯಲ್ಲಿ ಗುಲಾಮಗಿರಿ ಇತ್ತು, ಈ ದಂಡೆಯಲ್ಲಿ ಇರಲಿಲ್ಲ. ಹಾಗಾಗಿ ಇಲ್ಲಿನ ಮಕ್ಕಳಿಗೆ ಇದು ಊರಿನ ಚರಿತ್ರೆಯೇ.

ಹೋಂವರ್ಕ್ ಏನಂದರೆ ಒಂದು ಹಾಳೆಯ ತುಂಬಾ ಕೌದಿಯ ಚಿತ್ತಾರ, ಅದಕ್ಕೆ ಬಣ್ಣ ತುಂಬಬೇಕು. ಬೇಲಿಯ ಮೇಲೆ ಗಾಡಿ ಚಕ್ರದ ಚಿತ್ತಾರದ ಕೌದಿ ಹಾಕಿದ್ದರೆ 'ಗಂಟು ಕಟ್ಟಿಕೊಳ್ಳಿ' ಅಂತ ಅರ್ಥವಂತೆ. ಕರಡಿ ಪಾದದ ಚಿತ್ತಾರ ಇದ್ದರೆ 'ಪ್ರಾಣಿಗಳ ಹೆಜ್ಜೆ ಹಿಡಿದು ಬೆಟ್ಟ ಹತ್ತಿ' ಅಂತ. ಓದುವಾಗಲೇ ನನಗೆ ಅನುಮಾನ ಬಂತು. ನನ್ನಜ್ಜಿ ಕೌದಿ ಹೊಲಿಯುವುದನ್ನು ನೋಡುತ್ತಲೇ ಬೆಳೆದವಳು ನಾನು. ಒಂದು ಕೌದಿಗೆ ತಿಂಗಳುಗಟ್ಟಲೆ ಬೇಕು. ಹೊಲದಲ್ಲಿ ದಿನವಿಡೀ ದುಡಿದು ಬಂದವರು ಇಷ್ಟೊಂದು ಬಗೆಯ ಕೌದಿ ಹೊಲಿದಿಟ್ಟುಕೊಂಡು ಹೊತ್ತಿಗೊಂದು ಬದಲಾಯಿಸುತ್ತಿದ್ದರೇ? ಓಡುತ್ತಿದ್ದದ್ದು ರಾತ್ರಿ. ಕತ್ತಲಲ್ಲಿ ಚಿತ್ತಾರ ಕಾಣುತ್ತಿತ್ತೇ?

ಇನ್ನೂ ಒಂದು ಮಾತು ಚುಚ್ಚುತ್ತಿದೆ. ಪಾಠದ ಚಿತ್ರಗಳಲ್ಲಿ, ತಾವೂ ಗುಲಾಮಗಿರಿಯಿಂದ ಓಡಿ ಬಂದು ಬೇರೆಯವರನ್ನೂ ಬಿಡಿಸಿ ತಂದ ಕಪ್ಪು ಮಹಿಳೆ ಹ್ಯಾರಿಯೆಟ್ ಟಬ್‌ಮನ್ ಒಬ್ಬರನ್ನು ಬಿಟ್ಟರೆ ಉಳಿದವರೆಲ್ಲ ಟೋಪಿ ಹಾಕಿದ ದಯಾಳು ಬಿಳಿಯರು. ನಿಜವಾಗಿ ಹಾಗೇ ಇತ್ತಾ? ತಿಳಿದವರು ಹೇಳಿ.

ಓದುಬಾಕ:
ಕೌದಿ ಸಂಕೇತಕ್ಕೆ ಆಧಾರ ಇಲ್ಲ ಮೇಡಂ. ನಿಮ್ಮ ಅನುಮಾನ ಸರಿಯಾಗಿಯೇ ಇದೆ.

ರೈಲು_ಪ್ರೇಮಿ:
ನನಗೆ ಇನ್ನೂ ಬುಡದ ಪ್ರಶ್ನೆ ಇದೆ. ಅಲ್ಲಿ ರೈಲು ಇತ್ತಾ ಇಲ್ವಾ? ಹೆಸರು ಕೇಳಿ ಇಷ್ಟು ವರ್ಷ ಸುರಂಗದೊಳಗೆ ರೈಲು ಓಡುತ್ತಿತ್ತು ಅಂತಲೇ ಅಂದುಕೊಂಡಿದ್ದೆ.

ನಿವೃತ್ತ_ಮೇಷ್ಟ್ರು:
ರೈಲೂ ಇಲ್ಲ, ಸುರಂಗವೂ ಇಲ್ಲ. ರೈಲು ಆಗಷ್ಟೇ ಅಮೆರಿಕಕ್ಕೆ ಬಂದಿದ್ದ ಕಾಲ ಅದು. ಹೊಸ ಮಾತುಗಳೆಲ್ಲ ಜನರ ಬಾಯಲ್ಲಿದ್ದವು. ಅವನ್ನೇ ಗುಟ್ಟಿನ ಮಾತಾಗಿ ಬಳಸಿಕೊಂಡರು. ಅಡಗಿಸಿಕೊಳ್ಳುವ ಮನೆ ಅಂದರೆ 'ಸ್ಟೇಷನ್'. ಮನೆಯವರು 'ಸ್ಟೇಷನ್ ಮಾಸ್ಟರ್'. ದಾರಿ ತೋರಿಸಿ ಕರೆದುಕೊಂಡು ಹೋಗುವವರು 'ಕಂಡಕ್ಟರ್'. ಓಡಿ ಬಂದವರು 'ಪ್ಯಾಸೆಂಜರ್'. ದುಡ್ಡು ಕೊಟ್ಟವರು 'ಷೇರುದಾರರು'. ಅಂಚೆಯಲ್ಲಿ ಕಾಗದ ಸಿಕ್ಕಿಬಿದ್ದರೂ ವ್ಯಾಪಾರದ ಕಾಗದ ಅನ್ನಿಸಬೇಕು, ಅಷ್ಟೇ.

ಇಡೀ ದೇಶಕ್ಕೆ ಒಂದು ಆಫೀಸು, ಒಬ್ಬ ಮುಖ್ಯಸ್ಥ, ಒಂದು ನಕ್ಷೆ ಅಂತೇನೂ ಇರಲಿಲ್ಲ. ಒಂದು ಮನೆಯವರಿಗೆ ಮುಂದಿನ ಮನೆ ಗೊತ್ತು. ಅದರಾಚೆ ಯಾರಿದ್ದಾರೆ ಅಂತ ಎಷ್ಟೋ ಸಲ ಗೊತ್ತಿರುತ್ತಿರಲಿಲ್ಲ. ಗೊತ್ತಿಲ್ಲದ್ದನ್ನು ಹೊಡೆದರೂ ಬಾಯಿ ಬಿಡಿಸಲು ಆಗುವುದಿಲ್ಲ ಅಲ್ವಾ.

ಓದುಬಾಕ:
ಮೇಷ್ಟ್ರ ಮಾತಿಗೆ ಸಣ್ಣ ತಿದ್ದುಪಡಿ. ನಿಜವಾದ ರೈಲಿನಲ್ಲೇ ತಪ್ಪಿಸಿಕೊಂಡವರೂ ಇದ್ದಾರೆ! ಮುಂದೆ ಹೆಸರಾಂತ ಭಾಷಣಕಾರ, ಲೇಖಕರಾದ ಫ್ರೆಡ್ರಿಕ್ ಡಗ್ಲಾಸ್ 1838ರ ಸೆಪ್ಟೆಂಬರ್ 3ರಂದು ಬಾಲ್ಟಿಮೋರ್‌ನಲ್ಲಿ ರೈಲು ಹತ್ತಿದ್ದು ನಾವಿಕನ ಬಟ್ಟೆ ಹಾಕಿಕೊಂಡು. ಜೇಬಿನಲ್ಲಿದ್ದದ್ದು ಸ್ವತಂತ್ರನಾಗಿದ್ದ ಒಬ್ಬ ಕಪ್ಪು ನಾವಿಕನಿಂದ ಎರವಲು ಪಡೆದ ಕಾಗದ. ಅದರಲ್ಲಿ ಬರೆದಿದ್ದ ಚಹರೆ ಇವರಿಗೆ ಹೊಂದುತ್ತಿರಲಿಲ್ಲ. ರೈಲಿನ ನಿಜವಾದ ಕಂಡಕ್ಟರ್ ಮೇಲೆ ಮೇಲೆ ನೋಡಿ ವಾಪಸ್ ಕೊಟ್ಟ. ನ್ಯೂಯಾರ್ಕ್‌ನಲ್ಲಿ ಇವರಿಗೆ ಜಾಗ ಕೊಟ್ಟದ್ದು ಡೇವಿಡ್ ರಗಲ್ಸ್, ಅವರೂ ಕಪ್ಪು ಜನಾಂಗದವರೇ. 1835ರಲ್ಲಿ ಅಲ್ಲಿ ಓಡಿ ಬಂದವರನ್ನು ಕಾಯುವ ಕಾವಲು ಸಮಿತಿ ಕಟ್ಟಿದವರಲ್ಲಿ ಒಬ್ಬರು. ದಾರಿಖರ್ಚಿಗೆ ಡಗ್ಲಾಸ್ ಮದುವೆಯಾಗಲಿದ್ದ ಆನ್ನಾ ಮರ್ರೆ ತಮ್ಮ ಗರಿಹಾಸಿಗೆ ಮಾರಿದ್ದರು.

ಮೇಡಂ ಕೇಳಿದ ಎರಡನೇ ಪ್ರಶ್ನೆಗೆ ಇದರಲ್ಲೇ ಅರ್ಧ ಉತ್ತರ ಇದೆ. ಕಾಗದ ಕೊಟ್ಟವನು, ದುಡ್ಡು ಕೊಟ್ಟವರು, ಜಾಗ ಕೊಟ್ಟವರು ಎಲ್ಲರೂ ಕಪ್ಪು ಜನ.

ಕಾಫಿಸೀಮೆ:
ಆದರೆ ಗುಲಾಮಗಿರಿಯನ್ನು ವಿರೋಧಿಸಿದ ಕ್ವೇಕರ್ ಅನ್ನುವ ಕ್ರೈಸ್ತ ಪಂಥದವರು ಮಾಡಿದ್ದು ಕಡಿಮೆಯೇನಲ್ಲ. ಇಂಡಿಯಾನಾದಲ್ಲಿ, ಆಮೇಲೆ ಇದೇ ಸಿನ್ಸಿನಾಟಿಯಲ್ಲಿ ಇದ್ದ ಲೀವೈ ಕಾಫಿನ್ ದಂಪತಿ ಸುಮಾರು 3,000 ಜನಕ್ಕೆ ನೆರವಾದರು ಅಂತ ಅವರೇ ಬರೆದುಕೊಂಡಿದ್ದಾರೆ. ಗುಲಾಮರ ದುಡಿಮೆಯಿಂದ ಬಂದ ಹತ್ತಿ, ಸಕ್ಕರೆ ಮಾರುವುದಿಲ್ಲ ಅಂತ ಅಂಗಡಿಯನ್ನೇ ಬೇರೆ ಥರ ನಡೆಸಿದವರು. ಡೆಲವೇರ್‌ನ ಥಾಮಸ್ ಗ್ಯಾರೆಟ್ ಕಬ್ಬಿಣದ ವ್ಯಾಪಾರಿ. 1848ರಲ್ಲಿ ಕೋರ್ಟು ದೊಡ್ಡ ದಂಡ ಹಾಕಿತು. ಆಮೇಲೂ ನಿಲ್ಲಿಸಲಿಲ್ಲ. ಇವರನ್ನೆಲ್ಲ ಸುಮ್ನೆ ಬದಿಗೆ ಸರಿಸುವುದು ಅನ್ಯಾಯ.

ಓದುಬಾಕ:
ಬದಿಗೆ ಸರಿಸಿ ಅಂತ ನಾನು ಹೇಳಲೇ ಇಲ್ಲ. ಆದರೆ ಲೆಕ್ಕ ಹೇಗೆ ಬಂತು ನೋಡಿ. ಓಹಾಯೋದ ಪ್ರಾಧ್ಯಾಪಕ ವಿಲ್ಬರ್ ಸೀಬರ್ಟ್ 1898ರಲ್ಲಿ ಸುಮಾರು 3,200 ಜನ ಕೆಲಸಗಾರರ ಹೆಸರು ಪಟ್ಟಿ ಮಾಡಿದರು. ಎಲ್ಲ ಮುಗಿದು ಮೂವತ್ತು ವರ್ಷಗಳ ಮೇಲಾಗಿತ್ತು. ಅವರು ಕಾಗದ ಬರೆದು ಕೇಳಿದ್ದು ಯಾರನ್ನು? ಹಳೆಯ ಗುಲಾಮಗಿರಿ ವಿರೋಧಿಗಳನ್ನು, ಅವರ ಮಕ್ಕಳನ್ನು. ವಿಳಾಸ ಸಿಕ್ಕಿದ್ದು ಹೆಚ್ಚಾಗಿ ಬಿಳಿಯರದ್ದು. 'ನಮ್ಮಪ್ಪ ಇಷ್ಟು ಜನರನ್ನು ಅಡಗಿಸಿದ್ದರು' ಅಂತ ಅವರು ಬರೆದರು. ಹಿತ್ತಲಿನಲ್ಲಿ ಒಂದು ರೊಟ್ಟಿ ಕೊಟ್ಟು 'ಆ ಕಡೆ ಹೋಗು, ಈ ಕಡೆ ನಾಯಿ ಇದೆ' ಅಂದ ಕಪ್ಪು ಹೆಂಗಸಿಗೆ ಯಾರೂ ಕಾಗದ ಬರೆಯಲಿಲ್ಲ.

ಇನ್ನೊಂದು ಮುಖ್ಯ ಮಾತು. ದಕ್ಷಿಣದ ಒಳಗಿನ ದಾರಿಯನ್ನು ಓಡುವವರು ಬಹುಪಾಲು ತಾವೇ ಕಂಡುಕೊಂಡರು. ಈ ಜಾಲ ಗಟ್ಟಿಯಾಗಿ ಇದ್ದದ್ದು ಗಡಿ ದಾಟಿದ ಮೇಲೆ. ಅತಿ ಕಷ್ಟದ ಭಾಗ ಅದಕ್ಕೆ ಮುಂಚಿನದ್ದು.

ಕಾಫಿಸೀಮೆ:
ಆ ಪಟ್ಟಿಯ ವಿಷಯ ಒಪ್ಪಿದೆ. ಆದರೂ ಗ್ಯಾರೆಟ್ ಮೇಲಿನ ಗೌರವ ಬಿಡಲ್ಲ.

ಓಹಾಯೋ_ದಂಡೆ:
ನನಗೆ ಇಬ್ಬರ ಮಾತೂ ಬೇಕು, ದಯವಿಟ್ಟು ಮುಂದುವರಿಸಿ. ಕೌದಿಗೆ ಆಧಾರ ಇಲ್ಲ ಅಂದರೆ ಅದು ಶಾಲೆಯ ಹಾಳೆಗೆ ಬಂದಿದ್ದು ಹೇಗೆ?

ಓದುಬಾಕ:
1999ರಲ್ಲಿ ಅಮೆರಿಕದಲ್ಲಿ ಒಂದು ಪುಸ್ತಕ ಬಂತು. ದಕ್ಷಿಣ ಕ್ಯಾರೊಲಿನಾದಲ್ಲಿ ಕೌದಿ ಮಾರುತ್ತಿದ್ದ ಒಬ್ಬ ಮಹಿಳೆ ತನ್ನ ಮನೆತನದ ಕಥೆ ಅಂತ ಹೇಳಿದ್ದನ್ನು ಆಧರಿಸಿದ ಪುಸ್ತಕ. ಕಥೆ ಚೆಂದ ಇತ್ತು, ಮಕ್ಕಳಿಗೆ ಬಣ್ಣ ಹಚ್ಚಲು ಅನುಕೂಲ ಇತ್ತು, ಶಾಲೆಗಳಿಗೆ ಹರಡಿತು. ಆದರೆ 1930ರ ದಶಕದಲ್ಲಿ ಅಮೆರಿಕ ಸರ್ಕಾರ ಗುಲಾಮಗಿರಿ ಕಂಡಿದ್ದ 2,000ಕ್ಕೂ ಜಾಸ್ತಿ ಮುದುಕ ಮುದುಕಿಯರನ್ನು ಮಾತಾಡಿಸಿ ಬರೆದಿಟ್ಟಿದೆ. ಅವರು ಕೌದಿ ಹೊಲಿದದ್ದು ಹೇಳುತ್ತಾರೆ, ಓಡಿದ್ದು ಹೇಳುತ್ತಾರೆ. ಕೌದಿ ನೋಡಿ ದಾರಿ ಹಿಡಿದೆ ಅಂತ ಹೇಳುವುದಿಲ್ಲ. ಓಡಿ ಬಂದವರಿಗೆ ಫಿಲಡೆಲ್ಫಿಯಾದಲ್ಲಿ ನೆರವಾಗುತ್ತಿದ್ದ ಕಪ್ಪು ಜನಾಂಗದ ವಿಲಿಯಂ ಸ್ಟಿಲ್ ಬರೆದಿಟ್ಟ ನೂರಾರು ಜನರ ಹೇಳಿಕೆಯಲ್ಲೂ ಇಲ್ಲ.

ಘಟ್ಟದ_ಮಳೆ:
ಒಬ್ಬರ ಮನೆಯಲ್ಲಿ ಅಜ್ಜಿ ಹೇಳಿದ ಕಥೆಯನ್ನು ಪೂರ್ತಿ ಸುಳ್ಳು ಅನ್ನುವುದು ಸರಿಯಾ? ಬರೆಯಲು ಬಿಡದ ಜನರ ಚರಿತ್ರೆ ಬಾಯಿಂದ ಬಾಯಿಗೇ ಬರಬೇಕು. ಬರವಣಿಗೆ ಇಲ್ಲ ಅಂದ ಮಾತ್ರಕ್ಕೆ ನಡೆದೇ ಇಲ್ಲ ಅನ್ನಲು ಆಗಲ್ಲ.

ನಿವೃತ್ತ_ಮೇಷ್ಟ್ರು:
ನಿಮ್ಮ ಮಾತಿನಲ್ಲಿ ತೂಕ ಇದೆ. ನಾನು ಮೂವತ್ತು ವರ್ಷ ಪಾಠ ಹೇಳಿದವನು, ಊರಿನ ಹಿರಿಯರ ಬಾಯಿಮಾತನ್ನು ಎಂದೂ ತಳ್ಳಿಹಾಕಿಲ್ಲ. ಆದರೆ ಒಂದು ಮನೆಯ ನೆನಪನ್ನು ಇಡೀ ದಕ್ಷಿಣದ ಪದ್ಧತಿ ಅಂತ ಮಕ್ಕಳಿಗೆ ಕಲಿಸುವುದು ತಪ್ಪು. ಅದಕ್ಕಿಂತ ಹೆಚ್ಚಾಗಿ, ಬರೆದಿಟ್ಟ ನಿಜಗಳೇ ಮೈ ನಡುಗಿಸುವ ಹಾಗೆ ಇವೆ. ಅವನ್ನು ಬಿಟ್ಟು ಬಣ್ಣದ ಹಾಳೆ ಯಾಕೆ ಕೊಡಬೇಕು ಅನ್ನುವುದು ನನ್ನ ಸಂಕಟ.

ಸ್ಟಿಲ್ ಅವರದ್ದೇ ತಗೊಳ್ಳಿ. 1850ರ ಆಗಸ್ಟ್‌ನಲ್ಲಿ ಅವರ ಆಫೀಸಿಗೆ ಪೀಟರ್ ಅಂತ ಒಬ್ಬರು ಬಂದರು. ಅಲಬಾಮಾದಲ್ಲಿ ಗುಲಾಮರಾಗಿದ್ದವರು, ದುಡ್ಡು ಕೂಡಿಸಿ ಬಿಡುಗಡೆ ಪಡೆದವರು. ಚಿಕ್ಕಂದಿನಲ್ಲಿ ಅಗಲಿದ ಅಪ್ಪ ಅಮ್ಮನನ್ನು ಹುಡುಕುತ್ತಿದ್ದೇನೆ ಅಂದರು. ಸ್ಟಿಲ್ ಎಂದಿನಂತೆ ಕೇಳುತ್ತಾ ಹೋದರು. ಅಪ್ಪನ ಹೆಸರೇನು? ಅಮ್ಮನ ಹೆಸರೇನು? ಕೇಳುತ್ತಾ ಕೇಳುತ್ತಾ ಗೊತ್ತಾಯಿತು, ಎದುರಿಗೆ ಕೂತವನು ತನ್ನ ಒಡಹುಟ್ಟಿದ ಅಣ್ಣ. ಅಮ್ಮ ತಪ್ಪಿಸಿಕೊಂಡು ಬರುವಾಗ ಇಬ್ಬರು ಗಂಡುಮಕ್ಕಳನ್ನು ಬಿಟ್ಟು ಬರಬೇಕಾಗಿತ್ತು. ಸ್ಟಿಲ್ ಹುಟ್ಟಿದ್ದು ಅದಾದ ಮೇಲೆ. ನಲವತ್ತು ವರ್ಷ ಕಳೆದಿತ್ತು.

ಅಂದಿನಿಂದ ಅವರು ಬಂದವರ ಹೆಸರು, ಹಳೆಯ ಹೆಸರು, ಯಾರನ್ನು ಬಿಟ್ಟು ಬಂದರು ಎಲ್ಲವನ್ನೂ ಇನ್ನೂ ಜೋಪಾನವಾಗಿ ಬರೆದರು. ಇನ್ನೊಂದು ಮನೆಯವರೂ ಹೀಗೇ ಒಬ್ಬರನ್ನೊಬ್ಬರು ಕಂಡುಕೊಳ್ಳಲಿ ಅಂತ. ಸಿಕ್ಕಿಬಿದ್ದರೆ ಆ ಕಾಗದಗಳೇ ಎಲ್ಲರಿಗೂ ಕುತ್ತು. ಹಾಗಾಗಿ ಒಂದು ಸ್ಮಶಾನದ ಕಟ್ಟಡದಲ್ಲಿ ಅಡಗಿಸಿಟ್ಟಿದ್ದರು. ಅಚ್ಚು ಹಾಕಿಸಿದ್ದು 1872ರಲ್ಲಿ, ಗುಲಾಮಗಿರಿ ಮುಗಿದ ಮೇಲೆ.

ಘಟ್ಟದ_ಮಳೆ:
ಅಣ್ಣನ ಕಥೆ ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ ಮೇಷ್ಟ್ರೇ. ಮಕ್ಕಳಿಗೆ ಹೇಳಬೇಕಾದ್ದು ಇದೇ.

ಪಾರ್ಸೆಲ್_ಹುಬ್ಬಳ್ಳಿ:
ಪೆಟ್ಟಿಗೆಯಲ್ಲಿ ಕೂತು ಪಾರ್ಸೆಲ್ ಆಗಿ ಬಂದವನ ವಿಷಯ ಯಾರೂ ಎತ್ತಲಿಲ್ಲ. ಹೆನ್ರಿ ಬ್ರೌನ್. ನಾನು ಹನ್ನೊಂದು ವರ್ಷ ಪಾರ್ಸೆಲ್ ಗೋದಾಮಿನಲ್ಲಿ ದುಡಿದಿದ್ದೇನೆ, ಅದಕ್ಕೇ ಈ ಕಥೆ ನನ್ನನ್ನು ಬಿಟ್ಟಿಲ್ಲ.

ವರ್ಜೀನಿಯಾದ ರಿಚ್ಮಂಡ್. ಹೆಂಡತಿ, ಮಕ್ಕಳನ್ನು ಬೇರೆ ರಾಜ್ಯಕ್ಕೆ ಮಾರಿಬಿಟ್ಟರು. ಆಮೇಲೆ ಅವನು ಈ ಹಾದಿ ಯೋಚಿಸಿದ. 1849ರ ಮಾರ್ಚ್. ಪೆಟ್ಟಿಗೆ 3 ಅಡಿ ಉದ್ದ, 2 ಅಡಿ ಅಗಲ, ಆಳ 2 ಅಡಿ 8 ಇಂಚು. ಒಳಗೆ ಸ್ವಲ್ಪ ನೀರು, ಒಂದಿಷ್ಟು ಬಿಸ್ಕತ್ತು. ಉಸಿರಾಡಲು ತೂತು ಕೊರೆಯುವ ಸಣ್ಣ ಬೈರಿಗೆ. ಸ್ಮಿತ್ ಅನ್ನುವ ಬಿಳಿಯ ಚಪ್ಪಲಿ ವ್ಯಾಪಾರಿ ಮತ್ತು ಅದೇ ಅಡ್ಡಹೆಸರಿನ ಸ್ವತಂತ್ರ ಕಪ್ಪು ಗೆಳೆಯ ಸೇರಿ ಮೊಳೆ ಹೊಡೆದು ಫಿಲಡೆಲ್ಫಿಯಾಕ್ಕೆ ಕಳಿಸಿದರು. 27 ಗಂಟೆ. ಮೇಲೆ 'ಈ ಕಡೆ ಮೇಲಿರಲಿ' ಅಂತ ಬರೆದಿತ್ತು. ಬರೆದರೆ ಯಾರು ನೋಡುತ್ತಾರೆ? ನನ್ನ ಕಣ್ಣಾರೆ ನೋಡಿದ್ದೇನೆ, ಲಾರಿ ತುಂಬುವ ಅವಸರದಲ್ಲಿ ಬಾಣದ ಗುರುತು ಯಾರ ಕಣ್ಣಿಗೂ ಬೀಳುವುದಿಲ್ಲ. ಹಡಗಿನಲ್ಲಿ ಪೆಟ್ಟಿಗೆಯನ್ನು ತಲೆಕೆಳಗೆ ಇಟ್ಟರು. ಕಣ್ಣು ಸಿಡಿದು ಬರುವ ಹಾಗೆ ಆಯಿತು, ರಕ್ತವೆಲ್ಲ ತಲೆಗೆ ಇಳಿಯಿತು ಅಂತ ಅವನೇ ಹೇಳಿದ್ದಾನೆ. ಕೂಗುವ ಹಾಗಿಲ್ಲ. ಕೊನೆಗೆ ಇಬ್ಬರು ಪ್ರಯಾಣಿಕರು ನಿಂತು ನಿಂತು ಕಾಲು ನೋವು ಅಂತ, ಕೂರಲು ಜಾಗಕ್ಕಾಗಿ ಆ ಪೆಟ್ಟಿಗೆಯನ್ನು ಮಗ್ಗುಲಿಗೆ ಉರುಳಿಸಿ ಅದರ ಮೇಲೇ ಕೂತರು. ಜೀವ ಉಳಿದದ್ದು ಹಾಗೆ.

ಆ ಮೇಲಿನಿಂದ ಪೆಟ್ಟಿಗೆ ಎಸೆಯುವ ಹುಡುಗರನ್ನು ಕಂಡರೆ ನನಗೆ ತಡೆಯಲು ಆಗುತ್ತಿರಲಿಲ್ಲ.

ಕಾನೂನು_ಕಟ್ಟೆ:
ಬ್ರೌನ್ ಕಥೆಯ ಇನ್ನೊಂದು ಮುಖ ಇದೆ. ಸುದ್ದಿ ಊರೆಲ್ಲ ಹಬ್ಬಿತು. ಬ್ರೌನ್ ವೇದಿಕೆ ಹತ್ತಿ ಹೇಳತೊಡಗಿದ. ಫ್ರೆಡ್ರಿಕ್ ಡಗ್ಲಾಸ್‌ಗೆ ಇದು ಹಿಡಿಸಲಿಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ಇನ್ನೆಷ್ಟೋ ಬ್ರೌನ್‌ಗಳು ಪೆಟ್ಟಿಗೆಯಲ್ಲಿ ಬರಬಹುದಿತ್ತು ಅನ್ನುವುದು ಅವರ ವಾದ. ಆದದ್ದೂ ಹಾಗೇ. ಆ ಬಿಳಿಯ ಸ್ಮಿತ್ ಇನ್ನಿಬ್ಬರನ್ನು ಅದೇ ರೀತಿ ಕಳಿಸಲು ಹೋಗಿ ಸಿಕ್ಕಿಬಿದ್ದು ಜೈಲು ಸೇರಿದ. ಡಗ್ಲಾಸ್ ಮಾತ್ರ ತಾವು ಬಂದ ದಾರಿಯನ್ನು ಗುಲಾಮಗಿರಿ ಮುಗಿಯುವ ತನಕ ಬಿಡಿಸಿ ಬರೆಯಲೇ ಇಲ್ಲ. 1845ರಲ್ಲೇ ಅವರು ಬರೆದಿದ್ದರು, ಕೆಲವರು ಡಂಗುರ ಹೊಡೆದು ಹೊಡೆದು ಈ ನೆಲದಡಿಯ ರೈಲನ್ನು ನೆಲದ ಮೇಲಕ್ಕೆ ತಂದುಬಿಟ್ಟಿದ್ದಾರೆ ಅಂತ.

ಪಾರ್ಸೆಲ್_ಹುಬ್ಬಳ್ಳಿ:
ಇದನ್ನು ಒಪ್ಪಲು ಕಷ್ಟ. ಆ ಕಥೆ ಕೇಳಿಯೇ ಎಷ್ಟೋ ಬಿಳಿಯರಿಗೆ ಮನಸ್ಸು ಕರಗಿತು. ಹೆಂಡತಿ ಮಕ್ಕಳನ್ನು ಕಳೆದುಕೊಂಡವನಿಗೆ ತನ್ನ ಕಥೆ ಹೇಳುವ ಹಕ್ಕೂ ಇಲ್ವಾ?

ಕಾನೂನು_ಕಟ್ಟೆ:
ಹಕ್ಕು ಇದೆ. ಆದರೆ ಹಿಂದೆ ಉಳಿದವರ ಬಾಗಿಲು ಮುಚ್ಚಿಹೋಯಿತಲ್ಲ. ನಾನು ಡಗ್ಲಾಸ್ ಪಕ್ಷ.

ಕಾನೂನಿನ ಮಾತು ಬಂದಿದ್ದಕ್ಕೆ ಇದನ್ನೂ ಹೇಳಿಬಿಡುತ್ತೇನೆ. 1850ರ ಓಡಿಹೋದ ಗುಲಾಮರ ಕಾಯ್ದೆ ಓದಿದ ದಿನ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಓಡಿ ಬಂದು ಸಿಕ್ಕಿಬಿದ್ದವನಿಗೆ ಜ್ಯೂರಿ ಇಲ್ಲ. ತನ್ನ ಪರವಾಗಿ ತಾನೇ ಸಾಕ್ಷಿ ಹೇಳುವ ಹಾಗಿಲ್ಲ. ತೀರ್ಪು ಕೊಡುವ ಕಮಿಷನರ್‌ಗೆ ಫೀಸು ಎಷ್ಟು ಗೊತ್ತಾ? 'ಇವನು ಗುಲಾಮನೇ' ಅಂದರೆ 10 ಡಾಲರ್. 'ಅಲ್ಲ, ಬಿಡಿ' ಅಂದರೆ 5 ಡಾಲರ್. ಕಾಗದಪತ್ರದ ಕೆಲಸ ಜಾಸ್ತಿ ಇರುತ್ತದೆ ಅಂತ ಸಬೂಬು. ಅಡಗಿಸಿದವರಿಗೆ 1,000 ಡಾಲರ್ ತನಕ ದಂಡ, ಆರು ತಿಂಗಳ ತನಕ ಜೈಲು. ದಾರಿಹೋಕನನ್ನು ಕರೆದು 'ಹಿಡಿಯಲು ಬಾ' ಅಂದರೆ ಅವನು ಬರಲೇಬೇಕು. ಹುಟ್ಟಿನಿಂದ ಸ್ವತಂತ್ರರಾಗಿದ್ದ ಕಪ್ಪು ಜನರಿಗೂ ಉತ್ತರದ ಊರುಗಳಲ್ಲಿ ನೆಮ್ಮದಿ ಉಳಿಯಲಿಲ್ಲ. ಕೆನಡಾ ತನಕ ಹೋಗುವವರು ಹೆಚ್ಚಾಗಿದ್ದು ಈ ಕಾಯ್ದೆಯಿಂದ.

ಟೊರಾಂಟೊ_ಕನ್ನಡಿಗ:
ಕೆನಡಾ ಅಂದ ಕೂಡಲೇ ನಾನು ಬಂದೆ. ನಯಾಗರಾ ಜಲಪಾತ ನೋಡಲು ಊರಿನಿಂದ ಬಂದವರನ್ನೆಲ್ಲ ಕರೆದುಕೊಂಡು ಹೋಗುತ್ತೇವೆ. ಅಲ್ಲಿಗೆ ಹತ್ತಿರವೇ ಸೇಂಟ್ ಕ್ಯಾಥರಿನ್ಸ್. ಟಬ್‌ಮನ್ 1850ರ ದಶಕದಲ್ಲಿ ಅಲ್ಲಿ ವರ್ಷಗಟ್ಟಲೆ ಇದ್ದರು. ಅವರು ಹೋಗುತ್ತಿದ್ದ ಚರ್ಚು, ಸೇಲಂ ಚಾಪೆಲ್, ಇನ್ನೂ ಇದೆ. ನಾನು ಮೊದಲ ಸಲ ಹೋದಾಗ ಇಷ್ಟು ಚಿಕ್ಕದಾ ಅನ್ನಿಸಿತು. ಓಡಿ ಬಂದವರೇ ಕಟ್ಟಿಕೊಂಡದ್ದು.

ಆದರೆ ಇಲ್ಲಿನವರೂ ಮರೆಯುವ ಒಂದು ವಿಷಯ ಇದೆ. ಕೆನಡಾದಲ್ಲೂ ಗುಲಾಮಗಿರಿ ಇತ್ತು. 1793ರ ಕಾಯ್ದೆ ಈಗಿನ ಒಂಟಾರಿಯೋಗೆ ಹೊಸ ಗುಲಾಮರನ್ನು ತರುವುದನ್ನು ನಿಲ್ಲಿಸಿತು ಅಷ್ಟೇ, ಇದ್ದವರನ್ನು ಬಿಡಿಸಲಿಲ್ಲ. ಆಗ ಇಲ್ಲಿಂದಲೇ ಕೆಲವರು ನದಿ ದಾಟಿ ಅಮೆರಿಕದ ಮಿಷಿಗನ್ ಕಡೆಗೆ ಓಡಿದ್ದಾರೆ! ಬ್ರಿಟಿಷ್ ಸಾಮ್ರಾಜ್ಯದ ಕಾಯ್ದೆ 1834ರ ಆಗಸ್ಟ್ 1ಕ್ಕೆ ಜಾರಿಯಾದ ಮೇಲೆ ಪೂರ್ತಿ ನಿಂತಿತು.

ರೈಲು_ಪ್ರೇಮಿ:
ಉಲ್ಟಾ ದಿಕ್ಕಿಗೂ ಓಡಿದ್ದಾರೆ ಅಂದರೆ ನಂಬಲು ಆಗುತ್ತಿಲ್ಲ.

ಓದುಬಾಕ:
ದಕ್ಷಿಣಕ್ಕೂ ಓಡಿದ್ದಾರೆ. ಮೆಕ್ಸಿಕೊ 1829ರಲ್ಲಿ ಗುಲಾಮಗಿರಿ ತೆಗೆಯಿತು. ಆಗಿನ ಅಧ್ಯಕ್ಷ ವಿಸೆಂಟೆ ಗೆರೆರೊ ಅವರ ಪೂರ್ವಜರಲ್ಲಿ ಆಫ್ರಿಕದವರೂ ಇದ್ದರು. ಟೆಕ್ಸಸ್‌ನಲ್ಲಿ ಇದ್ದವರಿಗೆ ಕೆನಡಾಕ್ಕಿಂತ ರಿಯೋ ಗ್ರಾಂಡೆ ನದಿ ಹತ್ತಿರ. ಇನ್ನು ವರ್ಜೀನಿಯಾ ಮತ್ತು ಉತ್ತರ ಕ್ಯಾರೊಲಿನಾ ಗಡಿಯ ಗ್ರೇಟ್ ಡಿಸ್ಮಲ್ ಜೌಗಿನೊಳಗೆ ಹೊಕ್ಕು, ಹೊರಗೆ ಬರದೇ ತಲೆಮಾರುಗಟ್ಟಲೆ ಬದುಕಿದವರಿದ್ದಾರೆ.

ಲೆಕ್ಕದ_ಮನುಷ್ಯ:
ನಾನು ಸ್ವಲ್ಪ ಎದುರು ಮಾತಾಡುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. 1860ರ ಜನಗಣತಿಯಲ್ಲಿ ಅಮೆರಿಕದ ಗುಲಾಮರು ಸುಮಾರು 39.5 ಲಕ್ಷ. ಆ ಗಣತಿಯಲ್ಲಿ ಹಿಂದಿನ ಒಂದು ವರ್ಷದಲ್ಲಿ ಓಡಿಹೋದವರು ಅಂತ ಬರೆದದ್ದು 803. 1850ರ ಗಣತಿಯಲ್ಲಿ 1,011. ಅಂದರೆ 1860ರ ಲೆಕ್ಕಕ್ಕೆ ಸುಮಾರು ಐದು ಸಾವಿರಕ್ಕೆ ಒಬ್ಬರು. ಇಷ್ಟು ಸಣ್ಣ ಸಂಖ್ಯೆಗೆ ಇಷ್ಟು ದೊಡ್ಡ ಹೆಸರು ಯಾಕೆ? ಉಳಿದ 39 ಲಕ್ಷ ಜನರ ಕಥೆ ಇದರ ನೆರಳಲ್ಲಿ ಮರೆಯಾಗಲ್ವಾ?

ಓದುಬಾಕ:
ಆ ಅಂಕಿ ಒಡೆಯರು ಹೇಳಿದ್ದು. ತಮ್ಮ ಮನೆಯಿಂದ ಜನ ಓಡುತ್ತಾರೆ ಅಂತ ಹೇಳಿಕೊಳ್ಳಲು ಯಾರಿಗೆ ಇಷ್ಟ? ಇಡೀ ಅವಧಿಗೆ ಒಂದು ಲಕ್ಷದ ತನಕ ಅಂದಾಜು ಹೇಳುವವರೂ ಇದ್ದಾರೆ.

ನಿವೃತ್ತ_ಮೇಷ್ಟ್ರು:
ಒಂದು ಲಕ್ಷ ಅಂದರೂ ಲೆಕ್ಕದ_ಮನುಷ್ಯ ಹೇಳುವ ಮಾತು ಉಳಿಯುತ್ತದೆ, ಅದನ್ನು ಒಪ್ಪೋಣ. ತಪ್ಪಿಸಿಕೊಂಡವರಲ್ಲಿ ಹೆಚ್ಚಿನವರು ಮೇರಿಲ್ಯಾಂಡ್, ಕೆಂಟಕಿ, ವರ್ಜೀನಿಯಾದಂಥ ಗಡಿ ರಾಜ್ಯದವರು. ಮಿಸಿಸಿಪ್ಪಿಯ ಹತ್ತಿ ಹೊಲದಿಂದ ಉತ್ತರಕ್ಕೆ ನಡೆದು ಬರುವುದು ಬಹುತೇಕ ಆಗದ ಮಾತು. ಜಾರ್ಜಿಯಾದಿಂದ ಬಂದ ಎಲೆನ್ ಕ್ರಾಫ್ಟ್ ಏನು ಮಾಡಬೇಕಾಯಿತು ನೋಡಿ. ಮೈಬಣ್ಣ ತೆಳು ಇದ್ದದ್ದರಿಂದ ಬಿಳಿಯ ಯಜಮಾನನ ವೇಷ ಹಾಕಿದರು. ಗಂಡ ವಿಲಿಯಂ ಅವರ ಸೇವಕನಾಗಿ ಬಂದರು. ಓದು ಬರಹ ಬಾರದು, ಹೋಟೆಲಿನಲ್ಲಿ ಸಹಿ ಕೇಳಿದರೆ? ಬಲಗೈಗೆ ಪಟ್ಟಿ ಕಟ್ಟಿ ಕೊರಳಿಗೆ ಇಳಿಬಿಟ್ಟುಕೊಂಡರು. 1848ರ ಕ್ರಿಸ್‌ಮಸ್ ದಿನ ಫಿಲಡೆಲ್ಫಿಯಾ ಮುಟ್ಟಿದರು.

ಆದರೆ ಸಂಖ್ಯೆ ಸಣ್ಣದಾದರೂ ಒಡೆಯರ ನಿದ್ದೆ ಕೆಟ್ಟಿತು. 1860ರ ಡಿಸೆಂಬರ್‌ನಲ್ಲಿ ದಕ್ಷಿಣ ಕ್ಯಾರೊಲಿನಾ ಒಕ್ಕೂಟ ಬಿಟ್ಟಾಗ ಹೊರಡಿಸಿದ ಘೋಷಣೆ ಓದಿ. ಉತ್ತರದ ರಾಜ್ಯಗಳು ಓಡಿ ಬಂದವರನ್ನು ಹಿಂದಿರುಗಿಸುತ್ತಿಲ್ಲ ಅನ್ನುವುದು ಅದರ ದೊಡ್ಡ ದೂರು. ಕತ್ತಲಲ್ಲಿ ನಡೆದ ಆ ಕೆಲವೇ ಸಾವಿರ ಜನ ಅಮೆರಿಕದ ಅಂತರ್ಯುದ್ಧದ ಕಾರಣಗಳಲ್ಲಿ ಸೇರಿಕೊಂಡರು.

ಲೆಕ್ಕದ_ಮನುಷ್ಯ:
ಆ ಘೋಷಣೆಯ ವಿಷಯ ನನಗೆ ಗೊತ್ತಿರಲಿಲ್ಲ. ಒಳ್ಳೆಯ ಉತ್ತರ ಸರ್.

ಓಹಾಯೋ_ದಂಡೆ:
ಸೋತ ಕಥೆಗಳೂ ಇವೆ. ಇದನ್ನು ಮಗಳಿಗೆ ಹೇಳಿಲ್ಲ, ಇಲ್ಲಿ ಬರೆಯುತ್ತೇನೆ. 1856ರ ಜನವರಿಯಲ್ಲಿ ನಮ್ಮ ಈ ನದಿ ಹೆಪ್ಪುಗಟ್ಟಿತ್ತು. ಮಾರ್ಗರೆಟ್ ಗಾರ್ನರ್ ಗಂಡ, ಮಕ್ಕಳ ಜೊತೆ ಮಂಜಿನ ಮೇಲೆ ನಡೆದು ದಾಟಿದರು. ನೆಂಟರ ಮನೆ ಸೇರಿದರು. ಆ ನೆಂಟ ಮುಂದಿನ ದಾರಿ ಕೇಳಲು ಲೀವೈ ಕಾಫಿನ್ ಹತ್ತಿರ ಹೋಗಿ ಬರುವಷ್ಟರಲ್ಲಿ ಹಿಡಿಯುವವರು ಮನೆ ಸುತ್ತುವರಿದಿದ್ದರು. ಮಗಳು ಮತ್ತೆ ಆ ಬದುಕಿಗೆ ಹೋಗಬಾರದು ಅಂತ ಆ ತಾಯಿ ಎರಡು ವರ್ಷದ ಕೂಸನ್ನು ತನ್ನ ಕೈಯಾರೆ ಕೊಂದರು. ಓಹಾಯೋ ರಾಜ್ಯ ಕೊಲೆ ಕೇಸು ನಡೆಸಬೇಕು ಅಂದಿತು. ಕೊಲೆ ಕೇಸು ಅಂದರೆ ಆಕೆ ಮನುಷ್ಯಳು ಅಂತ ಒಪ್ಪಿದ ಹಾಗೆ. ಕಮಿಷನರ್ ಒಪ್ಪಲಿಲ್ಲ. ಒಡೆಯನ ಸೊತ್ತು ಅಂತ ವಾಪಸ್ ಕಳಿಸಿದರು.

ಇಲ್ಲಿನ ಫ್ರೀಡಂ ಸೆಂಟರ್ ಮ್ಯೂಸಿಯಂನಲ್ಲಿ ಕೆಂಟಕಿಯಿಂದ ಬಿಚ್ಚಿ ತಂದು ಮತ್ತೆ ಜೋಡಿಸಿದ ಮರದ ದಿಮ್ಮಿಯ ಮನೆ ಇದೆ. ಮಾರುವ ಮುಂಚೆ ಗುಲಾಮರನ್ನು ಕೂಡಿಹಾಕುತ್ತಿದ್ದ ದೊಡ್ಡಿ. ಒಳಗೆ ನಿಂತು ತಲೆ ಎತ್ತಿದರೆ ತೊಲೆಯಲ್ಲಿ ಕಬ್ಬಿಣದ ಬಳೆಗಳು ಸಾಲಾಗಿ ಕಾಣುತ್ತವೆ. ಸರಪಳಿ ಹಾಯಿಸಲು. ಮಗಳು 'ಇದು ಯಾಕಮ್ಮ' ಅಂದಳು. ನನಗೆ ಬಾಯಿ ಬರಲಿಲ್ಲ.

ಯಲ್ಲಾಪುರ_ದಾರಿ:
ಅಕ್ಕಾ, ಓದಿ ಕಣ್ಣು ತುಂಬಿತು. ನಾನು ಉತ್ತರ ಕನ್ನಡದವನು. ಕೌದಿ ಅಂದದ್ದಕ್ಕೆ ಈ ಮಾತು. ನಮ್ಮ ಕಡೆ ಸಿದ್ದಿ ಜನ ಇದ್ದಾರಲ್ಲ, ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆ. ಅವರ ಹಿರಿಯರನ್ನು ಪೋರ್ಚುಗೀಸರು ಆಫ್ರಿಕದಿಂದ ಗೋವಾಕ್ಕೆ ಗುಲಾಮರಾಗಿ ತಂದರು. ಅಲ್ಲಿಂದ ತಪ್ಪಿಸಿಕೊಂಡ ಎಷ್ಟೋ ಜನ ಘಟ್ಟದ ಕಾಡು ಹೊಕ್ಕು ಇಲ್ಲೇ ನೆಲೆಸಿದರು. ಅಮೆರಿಕದ ಕಥೆಗೆ ನಾವು ಇಷ್ಟು ಮರುಗುತ್ತೇವೆ, ನಮ್ಮ ಕಾಡಿನ ಈ ಕಥೆ ನಮ್ಮ ಯಾವ ಪಾಠದಲ್ಲೂ ನಾನು ಓದಲಿಲ್ಲ. ಅವರಿಗೆ ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿ ಜಾಗ ಸಿಕ್ಕಿದ್ದೇ 2003ರಲ್ಲಿ.

ಸಿದ್ದಿ ಹೆಂಗಸರ ಕೌದಿ ನೋಡಿದ್ದೀರಾ? ಹಳೆ ಸೀರೆ, ಅಂಗಿಯ ತುಂಡು ಜೋಡಿಸಿ, ಅಂಚಿನಿಂದ ಶುರುಮಾಡಿ ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬರುತ್ತಾರೆ. ನಾಲ್ಕು ಮೂಲೆಗೆ ಬಟ್ಟೆ ಮಡಚಿ ತ್ರಿಕೋನ ಇಟ್ಟು ಹೊಲಿಯುತ್ತಾರೆ, ಫುಲಾ ಅನ್ನುತ್ತಾರೆ, ಅಂದರೆ ಹೂವು. ಫುಲಾ ಇಲ್ಲದ ಕೌದಿ ಅವರ ಲೆಕ್ಕಕ್ಕೆ ಮುಗಿದದ್ದೇ ಅಲ್ಲ.

ಘಟ್ಟದ_ಮಳೆ:
ಹಾಗಾದರೆ ಗೋವಾದಿಂದ ಘಟ್ಟಕ್ಕೂ ಒಂದು ಗುಟ್ಟಿನ ಜಾಲ ಇತ್ತು ಅನ್ನಬಹುದಲ್ಲ!

ಓದುಬಾಕ:
ಅನ್ನಬೇಡಿ. ಓಡಿ ಬಂದು ಕಾಡು ಸೇರಿದ್ದು ನಿಜ. ಅದಕ್ಕೆ ಅಮೆರಿಕದ ಹೆಸರು ಅಂಟಿಸಿದರೆ ನಾವೂ ಬಣ್ಣದ ಹಾಳೆ ಮಾಡಿದ ಹಾಗೇ ಆಗುತ್ತದೆ. ಸಿದ್ದಿಗಳ ಕಥೆಗೆ ಅದರದ್ದೇ ಹೆಸರು ಇರಲಿ. ಅದನ್ನು ಅವರ ಬಾಯಿಂದ ಕೇಳಬೇಕು.

ಯಲ್ಲಾಪುರ_ದಾರಿ:
ಸರಿಯಾದ ಮಾತು. ಬೇರೆ ಚರ್ಚೆ ತೆರೆಯುತ್ತೇನೆ, ಇಲ್ಲಿ ದಾರಿ ತಪ್ಪಿಸಲ್ಲ.

ಕಾಫಿಸೀಮೆ:
ಮೂಲ ವಿಷಯಕ್ಕೆ ಬರೋಣ. ಟಬ್‌ಮನ್ 300 ಜನರನ್ನು ತಂದರು ಅಂತ ಓದಿದ್ದೆ. ಪಾಠದಲ್ಲಿ ಎಷ್ಟು ಅಂತ ಇದೆ?

ಓಹಾಯೋ_ದಂಡೆ:
ಹಾಳೆಯಲ್ಲಿ 300 ಅಂತಲೇ ಇದೆ. 19 ಸಲ ಹೋದರು ಅಂತ.

ಓದುಬಾಕ:
ಅದು ಹಳೆಯ ಜೀವನಚರಿತ್ರೆಯಿಂದ ಬಂದ ಲೆಕ್ಕ. ಈಗಿನ ಸಂಶೋಧಕರು ಹೇಳುವುದು ಸುಮಾರು 13 ಸಲ, ಸುಮಾರು 70 ಜನ. ಅವರ ತಲೆಗೆ 40,000 ಡಾಲರ್ ಬಹುಮಾನ ಇತ್ತು ಅನ್ನುವುದೂ ಸುಳ್ಳು. 1849ರಲ್ಲಿ ಒಡತಿ ಕೊಟ್ಟ ಜಾಹೀರಾತಿನಲ್ಲಿ ಇವರನ್ನೂ ಇಬ್ಬರು ತಮ್ಮಂದಿರನ್ನೂ ಹಿಡಿದುಕೊಟ್ಟರೆ ತಲೆಗೆ 100 ಡಾಲರ್, ಅದೂ ರಾಜ್ಯದ ಹೊರಗೆ ಸಿಕ್ಕರೆ. 300 ಅನ್ನುವುದಕ್ಕಿಂತ ನನಗೆ 70 ದೊಡ್ಡದಾಗಿ ಕಾಣುತ್ತದೆ. ಆ ಎಪ್ಪತ್ತರಲ್ಲಿ ಬಹಳ ಜನ ಅವರ ಮನೆಯವರು, ಊರವರು. ಬಿಟ್ಟು ಬಂದ ಊರಿಗೇ ಹತ್ತು ವರ್ಷ ಮತ್ತೆ ಮತ್ತೆ ಕಾಲಿಟ್ಟರು.

ನಿವೃತ್ತ_ಮೇಷ್ಟ್ರು:
ಮೇಡಂ, ಮಗಳಿಗೆ ಹೇಳಲು ಒಂದು ಕಥೆ ಕೊಡುತ್ತೇನೆ. 1854ರ ಕ್ರಿಸ್‌ಮಸ್. ಟಬ್‌ಮನ್ ಅವರ ಮೂವರು ಸಹೋದರರನ್ನು ಹಬ್ಬದ ಮರುದಿನ ಹರಾಜು ಹಾಕುವುದಿತ್ತು. ಟಬ್‌ಮನ್‌ಗೆ ಅಕ್ಷರ ಬಾರದು. ಯಾರದೋ ಕೈಯಲ್ಲಿ ಒಂದು ಕಾಗದ ಬರೆಸಿ, ಓದಬಲ್ಲ ಸ್ವತಂತ್ರ ಕಪ್ಪು ಮನುಷ್ಯ ಜೇಕಬ್ ಜಾಕ್ಸನ್‌ಗೆ ಅಂಚೆಯಲ್ಲಿ ಕಳಿಸಿದರು. ಜಾಕ್ಸನ್ ಅವರ, ದೂರದಲ್ಲಿದ್ದ ಸಾಕುಮಗ ಬರೆದ ಹಾಗೆ. ನಮ್ಮ ಸಹೋದರರಿಗೆ ಹೇಳಿ, ಪ್ರಾರ್ಥನೆಯಲ್ಲಿ ಎಚ್ಚರ ಇರಲಿ, ಝಯಾನ್ (ಬೈಬಲಿನ ಪುಣ್ಯಭೂಮಿ) ಹಡಗು ಬಂದಾಗ ಹತ್ತಲು ಸಿದ್ಧರಿರಲಿ ಅನ್ನುವ ಅರ್ಥ. ಅಂಚೆಯವರು ಒಡೆದು ಓದಿದರು. ಆ ಸಾಕುಮಗನಿಗೆ ಸಹೋದರರೇ ಇಲ್ಲ, ಇದೇನು ಅಂತ ತಲೆ ಕೆರೆದುಕೊಂಡರು. ಜಾಕ್ಸನ್ ಒಂದು ಸಲ ನೋಡಿ, ತಲೆಬುಡ ಅರ್ಥವಾಗುತ್ತಿಲ್ಲ, ಇದು ನನಗೆ ಬಂದದ್ದಲ್ಲ ಅಂದುಬಿಟ್ಟರು. ಹಾಗಂದು ನೇರ ಹೋಗಿ ಸಹೋದರರಿಗೆ ಸುದ್ದಿ ಮುಟ್ಟಿಸಿದರು.

ಅಪ್ಪ ಅಮ್ಮನ ಗುಡಿಸಲಿನ ಹತ್ತಿರ ಜೋಳದ ಸೊಪ್ಪಿನ ಕೊಟ್ಟಿಗೆಯಲ್ಲಿ ಅಡಗಿದರು. ಹೊರಗೆ ಮಳೆ. ಅಮ್ಮ ರಿಟ್ ಮಕ್ಕಳು ಹಬ್ಬದೂಟಕ್ಕೆ ಬರುತ್ತಾರೆ ಅಂತ ಅಡುಗೆ ಮಾಡಿ ದಾರಿ ನೋಡುತ್ತಿದ್ದಳು. ಹೇಳುವ ಹಾಗಿಲ್ಲ. ಹೇಳಿದರೆ ಅಳು ಊರಿಗೆಲ್ಲ ಕೇಳುತ್ತದೆ. ಹಲಗೆಯ ಸಂದಿನಿಂದ ಮಕ್ಕಳು ಅಮ್ಮನನ್ನು ನೋಡಿದರು, ಅಷ್ಟೇ. ಅಪ್ಪ ಬೆನ್ ಗುಟ್ಟಾಗಿ ಊಟ ತಂದುಕೊಟ್ಟ. ಹೊರಡುವಾಗ ಕಣ್ಣಿಗೆ ಕರವಸ್ತ್ರ ಕಟ್ಟಿಕೊಂಡ. ಮಕ್ಕಳು ಎರಡೂ ಕಡೆ ತೋಳು ಹಿಡಿದರು, ಒಂದಷ್ಟು ದೂರ ಜೊತೆಗೆ ನಡೆದ. ಆಮೇಲೆ ನಿಂತು ಹೆಜ್ಜೆ ಸಪ್ಪಳ ದೂರಾಗುವ ತನಕ ಕೇಳಿಸಿಕೊಂಡ. ಬೆನ್ ಸುಳ್ಳು ಹೇಳದವನು ಅಂತ ಊರಿಗೇ ಗೊತ್ತು. ಹುಡುಕಿಕೊಂಡು ಬಂದವರು ಕೇಳಿದಾಗ ಮಕ್ಕಳನ್ನು ಕಂಡಿಲ್ಲ ಅಂದ. ಕಂಡಿರಲಿಲ್ಲ ನೋಡಿ. ಡಿಸೆಂಬರ್ 29ಕ್ಕೆ ಎಲ್ಲರೂ ಫಿಲಡೆಲ್ಫಿಯಾದಲ್ಲಿ ಸ್ಟಿಲ್ ಮೇಜಿನ ಮುಂದೆ ಇದ್ದರು.

ಪಾರ್ಸೆಲ್_ಹುಬ್ಬಳ್ಳಿ:
ಅಪ್ಪ ಕರವಸ್ತ್ರ ಕಟ್ಟಿಕೊಂಡದ್ದು ಓದಿ ಗಂಟಲು ಕಟ್ಟಿತು.

ಓಹಾಯೋ_ದಂಡೆ:
ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಕನ್ನಡದಲ್ಲೇ ಓದಿ ಹೇಳಿದೆ. ಕೌದಿ ಹಾಳೆ ಬದಿಗಿಟ್ಟು ಅಪ್ಪನ ಕಣ್ಣಿಗೆ ಬಟ್ಟೆ ಕಟ್ಟಿದ ಚಿತ್ರ ಬಿಡಿಸಿದ್ದಾಳೆ. ಟೀಚರ್‌ಗೂ ಒಂದು ಕಾಗದ ಬರೆದು ಬ್ಯಾಗಿನಲ್ಲಿ ಇಟ್ಟಿದ್ದೇನೆ. ಆದರೆ ಅವಳು ಒಂದೇ ಪ್ರಶ್ನೆ ಹಿಡಿದು ಕೂತಿದ್ದಾಳೆ. ಅಡುಗೆ ಮಾಡಿಟ್ಟು ಕಾದ ಆ ಅಮ್ಮನಿಗೆ ಆಮೇಲೆ ಮಕ್ಕಳು ಸಿಕ್ಕರಾ?

ನಿವೃತ್ತ_ಮೇಷ್ಟ್ರು:
ಸಿಕ್ಕರು ಅಂತ ಹೇಳಿ. 1857ರಲ್ಲಿ ಟಬ್‌ಮನ್ ಅಪ್ಪ ಅಮ್ಮನನ್ನೂ ಕರೆದುಕೊಂಡು ಹೋಗಲು ಬಂದರು. ಇಬ್ಬರಿಗೂ ವಯಸ್ಸಾಗಿತ್ತು, ನಡೆಯಲು ಆಗದು. ಒಂದು ಮುದಿ ಕುದುರೆ ಸಿಕ್ಕಿತು. ಅದರ ಕೊರಳಿಗೆ ಹುಲ್ಲಿನ ಪಟ್ಟಿ ಹೆಣೆದು ಹಾಕಿದರು. ಹಳೆಯ ಗಾಡಿಯ ಎರಡು ಚಕ್ರ. ಅಚ್ಚಿನ ಮೇಲೆ ಕೂರಲು ಒಂದು ಹಲಗೆ. ಕಾಲಿಡಲು ಇನ್ನೊಂದು ಹಲಗೆ, ಹಗ್ಗದಿಂದ ಇಳಿಬಿಟ್ಟದ್ದು. ಡೆಲವೇರ್‌ನಲ್ಲಿ ಥಾಮಸ್ ಗ್ಯಾರೆಟ್ ದಾರಿಖರ್ಚು ಕೊಟ್ಟರು. ಈ ಗಾಡಿಯ ವಿವರ ಅವರೇ ಬರೆದಿಟ್ಟಿದ್ದು, ಕಾಫಿಸೀಮೆಯವರಿಗೆ ಖುಷಿಯಾಗಬಹುದು. ಕೊನೆಗೆ ಸೇಂಟ್ ಕ್ಯಾಥರಿನ್ಸ್ ತಲುಪಿ ಮಕ್ಕಳನ್ನು ಸೇರಿಕೊಂಡರು.

ಓಹಾಯೋ_ದಂಡೆ:
ಹೇಳಿದೆ ಮೇಷ್ಟ್ರೇ. ಕುದುರೆಯ ಬಣ್ಣ ಯಾವುದು ಅಂತ ಕೇಳಿದಳು, ಗೊತ್ತಿಲ್ಲ ಅಂದೆ. ಹಾಗಾದರೆ ಬಣ್ಣ ಹಚ್ಚದೆ ಬಿಡುತ್ತೇನೆ ಅಂತ ಈಗ ಚಕ್ರ ಬಿಡಿಸುತ್ತಾ ಕೂತಿದ್ದಾಳೆ.